ಬೊಳ್ಳಿಯ ಹೆಸರಲ್ಲಿ ಒಂದು ಕೆಂಪು ಪೊಟ್ಟಣ

ಗುರುಪಾದ ಮೇಷ್ಟ್ರು ನಮ್ಮೂರಿನ ಶಾಲೆಗೆ ಬಂದ ಮೊದಲ ತಿಂಗಳು ಹೊತ್ತು ಹೊತ್ತಿಗೆ ಸರಿಯಾಗಿ ಉಂಡು ಉಂಡೇ ಕಡ್ಡಿಯಾದರು. ಬೆಳಿಗ್ಗೆ ಎರಡು ರೊಟ್ಟಿ, ಮಧ್ಯಾಹ್ನ ಮುದ್ದೆ, ರಾತ್ರಿ ಅನ್ನ ಸಾರು, ಎಲ್ಲವನ್ನೂ ಬಡಿಸಿದವಳು ನಾನೇ. ಅವರು ಉಂಡಷ್ಟೂ ಶಾಲೆಯ ಅಂಗಳದಲ್ಲಿ ಬಿದ್ದುಕೊಂಡಿದ್ದ ಕರಿನಾಯಿ ದುಂಡಗಾಗುತ್ತ ಹೋಯಿತು. ಕೊನೆಗೆ ನಮ್ಮೂರಿನ ಯಜಮಾನ ಜಡೆಯಜ್ಜ ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ಮೇಷ್ಟ್ರೇ, ಮೊದಲ್ನೇ ತುತ್ತು ಎತ್ತೋ ಮುಂಚೆ ಮನಸ್ನಾಗೆ ಯಾರ್ದಾರ ಹೆಸ್ರು ತಗೊಳಿ. ಹೆಸ್ರಿಲ್ದೆ ಉಂಡ್ರೆ ಅದು ನಾಯಿಗೇ ಹೋಗೋದು" ಎಂದು ಬುದ್ಧಿ ಹೇಳಿದ. "ಹಾಗಾದರೆ ನನ್ನ ಹೆಸರೇ ತಗೊಳ್ತೀನಿ" ಎಂದರಂತೆ ಮೇಷ್ಟ್ರು. ಅಜ್ಜ ಎಷ್ಟು ನಕ್ಕನೆಂದರೆ ಬಾಯಲ್ಲಿದ್ದ ಎಲೆ ಅಡಿಕೆ ಅವರ ಬಿಳಿ ಪಂಚೆಯ ಮೇಲೆ ಬಿತ್ತು.

ನಮ್ಮೂರಲ್ಲಿ ಉಂಡವರ ಹೊಟ್ಟೆ ತುಂಬುವುದಿಲ್ಲ. ಉಣ್ಣುವಾಗ ಯಾರನ್ನು ನೆನೆದರೋ ಅವರ ಹೊಟ್ಟೆ ತುಂಬುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ಬಯಲುಸೀಮೆಯವರು ಹೇಳುತ್ತಾರಲ್ಲ, ಇಲ್ಲಿ ನಮ್ಮ ಕೈ ಕೆಸರು, ಪಕ್ಕದವರ ಬಾಯಿ ಮೊಸರು. ಗಂಡ ಹೆಂಡತಿ ಜಗಳವಾಡಿದರೆ ಮೊದಲು ತಿಳಿಯುವುದು ಹೊಟ್ಟೆಗೆ. ಅತ್ತೆಯ ಹೆಸರಲ್ಲಿ ಬರೀ ಹಾಗಲಕಾಯಿ ಪಲ್ಯ ತಿಂದ ಸೊಸೆಯೊಬ್ಬಳು ನಮ್ಮಲ್ಲಿದ್ದಾಳೆ. ಯಾರ ಹೆಸರಲ್ಲಿ ಉಂಡೆ ಎಂದು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಬಾಯಿಬಿಟ್ಟು ಹೇಳಿದರೆ ಆ ಹೊತ್ತಿನ ಊಟ ಅವರ ಹೊಟ್ಟೆಯಿಂದ ಮಾಯವಾಗುತ್ತದೆ, ಉಂಡವರಿಗೂ ಇಲ್ಲ, ಉಣಿಸಿಕೊಂಡವರಿಗೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದ್ದರಿಂದ ನಾನು, ಅಂದರೆ ಈ ಶಾಲೆಯ ಅಡುಗೆಯ ದೇವೀರಮ್ಮ, ಹನ್ನೊಂದು ವರ್ಷದಿಂದ ಯಾರ ಹೆಸರಲ್ಲಿ ಉಣ್ಣುತ್ತಿದ್ದೇನೆಂದು ನೀವೂ ಕೇಳಬೇಡಿ.

ಆದರೆ ತೇಗನ್ನು ಮುಚ್ಚಿಡಲು ಯಾರಿಂದಲೂ ಆಗದು. ಉಂಡವರು ಏನು ಉಂಡರೋ ಅದರದೇ ವಾಸನೆ ಹೊಟ್ಟೆ ತುಂಬಿದವರ ತೇಗಿನಲ್ಲಿ ಬರುತ್ತದೆ. ಜಡೆಯಜ್ಜ ಬೆಳಿಗ್ಗೆ ಒಮ್ಮೆ ತೇಗಿದರೆ ಅವನ ಮಗಳ ಮನೆಯಲ್ಲಿ ಸೊಪ್ಪೋ ಬಿದಿರುಕಳಲೆಯೋ ಎಂದು ನಾನು ಒಲೆಯ ಮುಂದೆ ಕೂತೇ ಹೇಳಬಲ್ಲೆ. ನನಗೆ ಓದು ಬರಹ ಬಾರದು, ಮೂಗು ಮಾತ್ರ ಚೆನ್ನಾಗಿದೆ.

ಈಗ ಬೊಳ್ಳಿಯ ವಿಚಾರ. ತಾಯಿ ತೀರಿಕೊಂಡ ಮೇಲೆ ಹೊಳೆಯಾಚೆಯಿಂದ ಬಂದು ಅಜ್ಜಿಯ ಮನೆ ಸೇರಿದ ಹುಡುಗಿ, ಒಂಬತ್ತು ವರ್ಷ. ಅಜ್ಜಿ ಮೂರು ಹೊತ್ತೂ ಅವಳ ಹೆಸರಲ್ಲೇ ಉಣ್ಣುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮುದುಕಿಗೆ ಒಂದೂ ಹಲ್ಲಿಲ್ಲ, ಎರಡು ತುತ್ತು ಗಂಜಿ ನುಂಗುವಷ್ಟರಲ್ಲಿ ದವಡೆ ಸೋಲುತ್ತಿತ್ತು. ಎರಡು ತುತ್ತು ಗಂಜಿಯಲ್ಲಿ ಒಂಬತ್ತು ವರ್ಷದ ಹುಡುಗಿ ಎಷ್ಟು ಹೊತ್ತು ಕಣ್ಣು ಬಿಟ್ಟಿರಲು ಸಾಧ್ಯ? ಬೇರೆ ಮನೆಯವರಿಗೆ ಕರುಣೆ ಇರಲಿಲ್ಲ ಎಂದಲ್ಲ, ಅವರವರ ಮಡಕೆಯಲ್ಲಿ ಇರುವ ಹಿಟ್ಟು ಅವರವರ ಮಕ್ಕಳಿಗೇ ಸಾಲದು. ಬೊಳ್ಳಿ ಬೆಳಿಗ್ಗೆ ಕಲಿತ ಅಕ್ಷರ ಮಧ್ಯಾಹ್ನಕ್ಕೆ ಅವಳಲ್ಲಿ ಉಳಿಯುತ್ತಿರಲಿಲ್ಲ. ಮಧ್ಯಾಹ್ನವಾಗುವುದರೊಳಗೆ ಸ್ಲೇಟಿನ ಮೇಲೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದಳು. ಎದ್ದಾಗ ಕೆನ್ನೆಯ ಮೇಲೆ ಅ, ಆ ಅಚ್ಚಾಗಿರುತ್ತಿತ್ತು. "ಇವಳ ತಲೆಗೆ ಹೋಗದಿದ್ದರೂ ಕೆನ್ನೆಗಾದರೂ ಹೋಯಿತಲ್ಲ" ಎಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು, ಆಮೇಲೆ ಹೊರಗೆ ಬಂದು ನನ್ನ ಹತ್ತಿರ ಪೇಚಾಡುತ್ತಿದ್ದರು. ಅವಳಿಗೆ ಬುದ್ಧಿಯಿರುವುದು ಇಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ ಡಾಕ್ಟರ್ ಇಂದುಮತಿ ಮೇಡಂ ಜೀಪಿನಲ್ಲಿ ಬಂದರು. ಗುಡ್ಡದ ನಲವತ್ತು ಶಾಲೆಗಳ ಮಕ್ಕಳಿಗೆ ಪೌಷ್ಟಿಕದ ಪುಡಿ ಕೊಟ್ಟರೆ ಓದು ಸುಧಾರಿಸುತ್ತದೆಯೇ ಎಂದು ನೋಡುವುದು ಅವರ ಕೆಲಸ. ಮೊದಲು ನಮ್ಮ ಶಾಲೆಯಲ್ಲಿ ಪರೀಕ್ಷೆ, ಇಲ್ಲಿ ಫಲ ಕಂಡರೆ ಉಳಿದ ಕಡೆಗೂ. ಇಪ್ಪತ್ತೆರಡು ಮಕ್ಕಳಲ್ಲಿ ಹನ್ನೊಂದು ಜನಕ್ಕೆ ಕೆಂಪು ಪೊಟ್ಟಣ, ಹನ್ನೊಂದು ಜನಕ್ಕೆ ನೀಲಿ. ಕೆಂಪಿನಲ್ಲಿ ಹುರಿದ ಕಡಲೆಕಾಯಿ ಬೀಜ, ರಾಗಿ ಹುರಿಹಿಟ್ಟು, ಹುರಿಗಡಲೆ, ಬೆಲ್ಲ, ಜೊತೆಗೆ ರಕ್ತ ಹೆಚ್ಚಿಸುವ ಔಷಧಿ. ನೀಲಿಯಲ್ಲಿ ಬರೀ ಅಕ್ಕಿಹಿಟ್ಟು, ಸಕ್ಕರೆ. ಎರಡು ಪುಡಿಗೂ ಒಂದೇ ಬಣ್ಣ ಬೆರೆಸಿ, ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದರು. ಪೊಟ್ಟಣ ಹರಿದ ಮೊದಲ ದಿನವೇ ಇಡೀ ಶಾಲೆಗೆ ಗೊತ್ತಾಯಿತು. ಚೀಟಿ ಎತ್ತಿದಾಗ ಬೊಳ್ಳಿಗೆ ಬಂದದ್ದು ನೀಲಿ. ಅವಳ ಪಕ್ಕ ಕೂರುವ ಕೆಂಚಿಗೆ ಕೆಂಪು.

"ಯಾರೂ ಹಂಚಿಕೊಳ್ಳಬಾರದು. ನಿಮ್ಮ ನಿಮ್ಮ ಪೊಟ್ಟಣ ನೀವು ನೀವೇ ತಿನ್ನಬೇಕು, ಆಯ್ತಾ?" ಎಂದರು ಮೇಡಂ.

"ಆಯ್ತು ಮೇಡಂ" ಎಂದವು ಮಕ್ಕಳು. ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿದವು. ಒಂದು ಚಿಟಿಕೆ ಪುಡಿಯನ್ನೂ ಯಾರೂ ಯಾರಿಗೂ ಕೊಡಲಿಲ್ಲ. ತಮ್ಮ ಪೊಟ್ಟಣ ತಾವೇ ತಿಂದವು, ಅಷ್ಟೇ.

ಮೇಡಂಗೆ ಮೊದಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮಗೆ ಅದು ಹೇಳಬೇಕಾದ ಸಂಗತಿ ಎಂದು ಹೊಳೆಯಲೇ ಇಲ್ಲ. ಬಂದ ನೆಂಟರಿಗೆ ನೀರು ಕೊಡುವಾಗ ಇದು ಒದ್ದೆಯಾಗಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಮೇಷ್ಟ್ರಿಗೂ ಇಲ್ಲಿ ಒಗ್ಗಿ ಒಗ್ಗಿ ಹೊರಗಿನ ಊರಿನ ರೀತಿ ಮರೆತೇ ಹೋಗಿತ್ತು.

ಹತ್ತು ದಿನ ಕಳೆದಿರಬಹುದು. ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ. ಬೊಳ್ಳಿ ನೀರು ಕುಡಿಯಲು ಬಂದವಳು ನನ್ನ ಪಕ್ಕದಲ್ಲೇ ಒಂದು ತೇಗು ತೇಗಿದಳು. ಕಡಲೆಕಾಯಿ ಬೀಜ! ಬೆಲ್ಲದ ಘಮ ಬೇರೆ. ನಾನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟೆ. ಅಷ್ಟರಲ್ಲಿ ಇನ್ನೊಂದು ತೇಗು, ಅದಾದ ಮೇಲೆ ಮತ್ತೊಂದು. ಒಂದು ಪೊಟ್ಟಣಕ್ಕೆ ಬರುವ ತೇಗಲ್ಲ ಅದು. ಮೂವರೋ ನಾಲ್ವರೋ ಕೆಂಪಿನ ಮಕ್ಕಳು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಇವಳೊಬ್ಬಳನ್ನೇ ನೆನೆದು ತಿನ್ನುತ್ತಿದ್ದರು. ತಮಗೆ ಒಳ್ಳೆಯದು ಬಂದು ಪಕ್ಕದವರಿಗೆ ಸಪ್ಪೆ ಬಂದರೆ ನಮ್ಮೂರಿನ ಮಕ್ಕಳಿಗೆ ನಾಚಿಕೆಯಾಗುತ್ತದೆ. ನೀಲಿಯವು ಪಾಪ ಇನ್ನೇನು ಮಾಡಿಯಾವು, ತಮ್ಮ ಅಕ್ಕಿಹಿಟ್ಟನ್ನು ಕೆಂಪಿನವರ ಹೆಸರಲ್ಲಿ ತಿಂದು ಋಣ ತೀರಿಸುತ್ತಿದ್ದವು.

ಆಮೇಲೆ ನೋಡಿ ಬೊಳ್ಳಿಯ ಓಟ. ಕಾಗುಣಿತ ದಾಟಿದಳು, ಒತ್ತಕ್ಷರ ದಾಟಿದಳು, ಮೂರನೇ ತಿಂಗಳಿಗೆ ಕಂಡದ್ದನ್ನೆಲ್ಲ ಓದತೊಡಗಿದಳು. ಬೆಂಕಿಪೊಟ್ಟಣ ಓದಿದಳು, ಎಣ್ಣೆ ಡಬ್ಬ ಓದಿದಳು, ಜೀಪಿನ ನಂಬರು ಓದಿದಳು. ನನ್ನ ಸಾಂಬಾರು ಪುಡಿಯ ಪ್ಯಾಕೆಟ್ಟು ತಿರುಗಿಸಿ, "ದೇವೀರಕ್ಕ, ಇದು ಹೋದ ವರ್ಷವೇ ಮುಗೀಬೇಕಿತ್ತು ಅಂತ ಬರ್ದವ್ರೆ" ಎಂದು ಎಲ್ಲರ ಎದುರು ನನ್ನ ಮಾನ ತೆಗೆದಳು. ನಾನು ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಹೋದೆ. ಅವಳು ಓಡಿದಳು! ಎಂದೂ ಓಡದಿದ್ದ ಹುಡುಗಿ ನಗುತ್ತ ಹುಣಸೇಮರ ಸುತ್ತಿ ಓಡಿದಳು. ನನಗೆ ಕಣ್ಣು ತುಂಬಿ ಬಂತು, ಒಲೆಯ ಹೊಗೆ ಅಂತ ಸುಳ್ಳು ಹೇಳಿದೆ.

ನಾಲ್ಕು ತಿಂಗಳಾದ ಮೇಲೆ ಮೇಡಂ ಬಂದು ಎಲ್ಲರನ್ನೂ ತೂಗಿದರು, ಬೆರಳ ತುದಿಯಿಂದ ರಕ್ತ ತೆಗೆದರು, ಓದಿಸಿದರು, ಲೆಕ್ಕ ಮಾಡಿಸಿದರು. ಮಧ್ಯಾಹ್ನ ಜೀಪಿನಲ್ಲಿ ಕೂತು ತಮ್ಮ ಡಬ್ಬಿಯ ಚಪಾತಿ ತಿಂದರು. ಯಾರ ಹೆಸರನ್ನೂ ತೆಗೆದುಕೊಂಡಿರಲಾರರು, ಏಕೆಂದರೆ ಕರಿನಾಯಿ ಬಾಲ ಅಲ್ಲಾಡಿಸುತ್ತ ಕಾಲು ಚಾಚಿ ಮಲಗಿತು. "ಈ ಊರಿಗೆ ಬಂದಾಗಲೆಲ್ಲ ಯಾಕೋ ನನಗೆ ತಲೆನೋವು" ಎಂದು ಹಣೆ ಒತ್ತಿಕೊಳ್ಳುತ್ತ ಒಳಗೆ ಬಂದು ಕಾಗದಗಳನ್ನು ಹರಡಿದರು. ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು.

"ಎಲ್ಲಾ ತಲೆಕೆಳಗಾಗಿದೆ ಮೇಷ್ಟ್ರೇ. ನೀಲಿ ತಿಂದವರು ತೂಕದಲ್ಲಿ, ರಕ್ತದಲ್ಲಿ, ಓದಿನಲ್ಲಿ, ಎಲ್ಲದರಲ್ಲೂ ಮುಂದೆ. ಕೆಂಪು ತಿಂದವರು ಇದ್ದಲ್ಲೇ ಇದ್ದಾರೆ. ಕೆಂಪು ಪುಡಿಯಿಂದ ಪ್ರಯೋಜನವಿಲ್ಲ ಅಂತ ವರದಿ ಕೊಡಬೇಕಾಗುತ್ತೆ. ನಲವತ್ತು ಶಾಲೆಗೂ ಅದು ಬರಲ್ಲ."

ಕೆಂಪು ನಿಂತರೆ ಬೊಳ್ಳಿಗೆ ಮತ್ತೆ ಅಜ್ಜಿಯ ಎರಡು ತುತ್ತು ಗಂಜಿಯೇ ಗತಿ, ಮತ್ತೆ ಸ್ಲೇಟಿನ ಮೇಲೆ ಕೆನ್ನೆ. ನಾನು ಕೈ ಒರೆಸಿಕೊಂಡು ಒಳಗೆ ನುಗ್ಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ತೇಗಿನ ಸಮೇತ. ಮೇಷ್ಟ್ರೂ ಎಚ್ಚೆತ್ತವರ ಹಾಗೆ ಹೌದು ಹೌದು ಎಂದು ದನಿಗೂಡಿಸಿದರು. ಮೇಡಂ ಒಳ್ಳೆಯವರು, ನಗಲಿಲ್ಲ. ಕಾಗದದ ಅಂಚಿನಲ್ಲಿ ಏನೋ ಬರೆದುಕೊಂಡರು. ಬೊಳ್ಳಿ ಕತ್ತು ಚಾಚಿ ಅದನ್ನು ಗಟ್ಟಿಯಾಗಿ ಓದಿಬಿಟ್ಟಳು: "ಸ್ಥಳೀಯರ ನಂಬಿಕೆ."

ಮೇಡಂ ನಾಚಿಕೊಂಡು ಪೆನ್ನು ಕೆಳಗಿಟ್ಟರು. "ಸರಿ, ಮಕ್ಕಳನ್ನೇ ಕೇಳೋಣ. ಬೆಳಿಗ್ಗೆ ಪೊಟ್ಟಣ ತಿಂದ್ರಲ್ಲ, ಯಾರ್ಯಾರ ಹೆಸರಲ್ಲಿ ತಿಂದ್ರಿ?"

ಇಪ್ಪತ್ತೆರಡು ಮಕ್ಕಳೂ ಬಾಯಿಗೆ ಬೀಗ ಹಾಕಿಕೊಂಡವು. ಬಾಗಿಲಲ್ಲಿ ನಿಂತಿದ್ದ ಜಡೆಯಜ್ಜ ಕೋಲು ಕುಟ್ಟಿದ. "ಡಾಕ್ಟ್ರವ್ವ, ಅದ ಕೇಳಬ್ಯಾಡಿ. ಹೇಳಿದ್ರೆ ಯಾರ್ದೋ ಹೊಟ್ಟೆ ಖಾಲಿ ಆಯ್ತದೆ."

"ಹೇಳದಿದ್ದರೆ ನಾನು ನಂಬೋದು ಹೇಗಜ್ಜ?" ಎಂದರು ಮೇಡಂ. ಅವರ ಮಾತೂ ತಪ್ಪಲ್ಲ. ನಮಗೆಲ್ಲ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಆಗ ಬೊಳ್ಳಿ ಎದ್ದು ನಿಂತಳು. ಪುಸ್ತಕ ಬಿಡಿಸಿ ಎದೆಗೆ ಹಿಡಿದುಕೊಂಡು, "ನಾನು ಓದ್ತಾ ಇರ್ತೀನಿ. ಹೇಳೇ ಕೆಂಚಿ, ಪರವಾಗಿಲ್ಲ" ಎಂದಳು.

ಆನೆ ಮತ್ತು ಇರುವೆಯ ಪಾಠ. ಬೊಳ್ಳಿ ಹೊಳೆ ಹರಿದ ಹಾಗೆ ಓದುತ್ತಿದ್ದಳು. ಕೆಂಚಿ ಲಂಗದ ಅಂಚನ್ನು ಹಿಂಡುತ್ತ, ಅಳುತ್ತಳುತ್ತ ಹೇಳಿದಳು: "ನಾ ಇವತ್ತು ಬೊಳ್ಳಿ ಹೆಸ್ರಲ್ಲಿ ತಿಂದೆ." ಬೊಳ್ಳಿಯ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು, ಆದರೂ ಓದಿದಳು. "ನಾನೂವೆ" ಎಂದ ಮಾರ. ತನ್ನ ಪಾಲಿನ ಉಪ್ಪಿಟ್ಟಿಗೆ ಯಾರ ಕೈಯೂ ತಾಗಬಾರದೆಂದು ಗೋಡೆಗೆ ಮುಖ ಮಾಡಿ ತಿನ್ನುವವನು ಆ ಮಾರ. ನಾವೆಲ್ಲ ಅವನನ್ನು ಹೊಟ್ಟೆಬಾಕ ಎಂದುಕೊಂಡಿದ್ದೆವು. ಬೊಳ್ಳಿ ತಡವರಿಸಿದಳು. ಇನ್ನೊಂದು ಹುಡುಗಿ "ನಾನೂ" ಎಂದಳು, ಹಿಂದಿನ ಸಾಲಿನಿಂದ ಮತ್ತೊಬ್ಬ "ನಾನೂ" ಎಂದ. ಐದನೆಯವನು ಬಾಯಿ ತೆರೆಯುವಷ್ಟರಲ್ಲಿ ಬೊಳ್ಳಿ ಗೋಡೆಗೆ ಒರಗಿ ಕುಸಿದು ಕೂತಳು. ಮುಖ ಬೂದಿಯಂತಾಗಿತ್ತು. "ಅಕ್ಸರ ಓಡಾಡ್ತಾವೆ ಮೇಡಂ" ಎಂದಳು ಸಣ್ಣ ದನಿಯಲ್ಲಿ.

ಮೇಡಂ ಹಾರಿ ಬಂದು ಅವಳ ಕೈನಾಡಿ ಹಿಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. "ಈಗ ತಾನೇ ಸರಿಯಾಗಿದ್ದಳಲ್ಲ! ಪೊಟ್ಟಣ ತನ್ನಿ, ಕೆಂಪು, ಬೇಗ" ಎಂದು ಕೂಗಿ, ಕೈಗೆ ಸಿಕ್ಕ ಪೊಟ್ಟಣ ಹರಿದು ಬೊಳ್ಳಿಯ ಬಾಯಿಗೆ ಒಂದು ಹಿಡಿ ಪುಡಿ ಹಾಕಿದರು. ಬೊಳ್ಳಿ ಕಷ್ಟಪಟ್ಟು ಅಗಿದಳು. ಅವಳ ಮುಖ ಹಾಗೇ ಇತ್ತು.

"ಅವಳು ತಿಂದ್ರೆ ಏನ್ ಬಂತು ಮೇಡಂ?" ನಾನು ಕಿರುಚಿದೆ. "ನೀವು ತಿನ್ನಿ! ಅವಳ್ನ ನೆನಸ್ಕೊಂಡು ನೀವು ತಿನ್ನಿ!"

ಅಷ್ಟು ಓದಿದ ಹೆಂಗಸು ನನ್ನ ಮುಖ ನೋಡಿದರು, ಬೊಳ್ಳಿಯ ಮುಖ ನೋಡಿದರು. ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಉಳಿದ ಪುಡಿಯನ್ನೆಲ್ಲ ಬಾಯಿಗೆ ಸುರಿದುಕೊಂಡರು. ಒಣ ಪುಡಿ ಗಂಟಲಿಗೆ ಹತ್ತಿ ಕೆಮ್ಮಿದರು, ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಹಿಟ್ಟು. ಆದರೂ ನುಂಗಿದರು.

ಬೊಳ್ಳಿ ತೇಗಿದಳು. ಕಡಲೆಕಾಯಿ ಬೀಜ, ಬೆಲ್ಲ.

ಅವಳ ಕೆನ್ನೆಗೆ ಬಣ್ಣ ಬರುವುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಅದಕ್ಕಿಂತ ಮಿಗಿಲಾದ ಮಾತೆಂದರೆ, ಮೇಡಂ ಹಣೆ ಮುಟ್ಟಿಕೊಂಡು ಬೆಪ್ಪಾಗಿ ಕೂತಿದ್ದರು. "ತಲೆನೋವು ಹೋಯ್ತು" ಎಂದರು. ಬೊಳ್ಳಿ ಆ ಒಂದು ಹಿಡಿ ಪುಡಿಯನ್ನು ಯಾರನ್ನು ನೆನೆದು ಅಗಿದಿದ್ದಳೋ, ನಾವು ಕೇಳಲಿಲ್ಲ. ಅಷ್ಟರಲ್ಲಿ ಮೇಡಂಗೂ ಒಂದು ತೇಗು ಬಂತು, ದೊಡ್ಡದು, ಆಫೀಸಿನವರಿಗೆ ಶೋಭಿಸದಂಥದ್ದು. ಮೊದಲು ಮಾರ ನಕ್ಕ, ಆಮೇಲೆ ಎಲ್ಲರೂ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಕ್ಕಳು ಸುಮ್ಮನಿರುತ್ತವೆಯೇ, ಉಳಿದಿದ್ದ ಕೆಂಪು ಪೊಟ್ಟಣಗಳನ್ನೆಲ್ಲ ಹರಿದು ಒಟ್ಟಿಗೆ ಮುಕ್ಕಿದವು. ಬೊಳ್ಳಿಗೆ ತೇಗಿನ ಮೇಲೆ ತೇಗು ಬಂದು, "ಸಾಕ್ರೋ, ಸಾಯ್ತೀನಿ, ಸಾಕು" ಎಂದು ಕೈಮುಗಿಯುತ್ತ ನೆಲದ ಮೇಲೆ ಉರುಳಾಡಿದಳು. ಸಂಜೆಯ ತನಕ ಅವಳಿಗೆ ಏಳಲಾಗಲಿಲ್ಲ.

ಮೇಡಂ ಹೋಗುವ ಮುಂಚೆ ಶಾಲೆಯ ಮೆಟ್ಟಿಲ ಮೇಲೆ ಕೂತು ವರದಿಯನ್ನು ಹೊಸದಾಗಿ ಬರೆದರು. ತಿಂದವರು ಎಂದು ಒಂದು ಸಾಲು, ತುಂಬಿದವರು ಎಂದು ಇನ್ನೊಂದು ಸಾಲು ಗೆರೆ ಎಳೆದಿದ್ದನ್ನು ಬೊಳ್ಳಿ ಮಲಗಿದಲ್ಲಿಂದಲೇ ಓದಿ ಹೇಳಿದಳು. "ಮೇಲಿನವರು ಒಪ್ತಾರೋ ಇಲ್ವೋ ಗೊತ್ತಿಲ್ಲ ದೇವೀರಮ್ಮ. ಒಪ್ಪದಿದ್ದರೆ ಕೆಂಪು ಪೊಟ್ಟಣ ನಿಂತಂತೆಯೇ. ಏನೇ ಆದ್ರೂ ಕಾಗದ ಬರೀತೀನಿ" ಎಂದು ಜೀಪು ಹತ್ತಿದರು.

ಒಂದು ತಿಂಗಳು ಕಾದೆವು. ಇನ್ನೊಂದು ತಿಂಗಳೂ ಆಗುತ್ತ ಬಂತು. ಪೊಟ್ಟಣ ಮುಗಿದು ಹೋಗಿತ್ತು. ಬೊಳ್ಳಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಗಲ್ಲಕ್ಕೆ ಕೈಯಿಟ್ಟು ತೂಕಡಿಸತೊಡಗಿದಳು, ಆದರೆ ಕಲಿತ ಅಕ್ಷರವನ್ನು ಬಿಟ್ಟುಕೊಡಲಿಲ್ಲ. ನಿದ್ದೆ ತಡೆಯಲು ತೊಡೆ ಚಿವುಟಿಕೊಂಡು ಓದುತ್ತಿದ್ದಳು. ನನಗೆ ನೋಡಲಾಗುತ್ತಿರಲಿಲ್ಲ. ಹೊತ್ತು ಹೊತ್ತಿಗೂ ರಸ್ತೆ ನೋಡುವುದೇ ನನ್ನ ಕೆಲಸವಾಯಿತು.

ಕೊನೆಗೆ ಕಾಗದ ಬಂದ ದಿನ ಮೇಷ್ಟ್ರು ಊರಲ್ಲಿರಲಿಲ್ಲ. ತರಬೇತಿ ಎಂದು ಕೆಳಗಿನ ಊರಿಗೆ ಹೋದವರು ಬರಲು ಇನ್ನೂ ನಾಲ್ಕು ದಿನ. ನಾಲ್ಕು ದಿನ ಕಾಯುವ ತಾಳ್ಮೆ ಯಾರಿಗಿದೆ? ನಮ್ಮೂರಿಗೆ ಬಂದ ಕಾಗದವನ್ನು ನಮ್ಮೂರಿನವರು ಯಾರೂ ಅಲ್ಲಿಯವರೆಗೆ ಓದಿದ್ದಿಲ್ಲ. ಜಡೆಯಜ್ಜ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಬೊಳ್ಳಿಯ ಮುಂದಿಟ್ಟ. ಸುದ್ದಿ ಹಬ್ಬಿ ಜನ ಹುಣಸೇಮರದ ಕೆಳಗೆ ಸೇರಿದರು. ಬೊಳ್ಳಿಯ ಅಜ್ಜಿಯನ್ನು ಇಬ್ಬರು ಎತ್ತಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಬೊಳ್ಳಿ ಲಕೋಟೆ ಬಿಡಿಸಿದಳು. ಮೊದಲ ಹಾಳೆ ಅಚ್ಚಿನದು, ದೊಡ್ಡ ದೊಡ್ಡ ಮಾತು. ಒಂದೊಂದನ್ನೂ ಬಿಡಿಸಿ ಬಿಡಿಸಿ ಓದಿದಳು. "ಕೆಂಪು ಪೊಟ್ಟಣಗಳ ವಿ-ತ-ರ-ಣೆ-ಯನ್ನು ನಲವತ್ತೂ ಶಾಲೆಗಳಲ್ಲಿ..." ಅಲ್ಲಿಗೆ ನಿಂತಳು. ಕಣ್ಣು ಉಜ್ಜಿಕೊಂಡಳು. ಬೆವರುತ್ತಿದ್ದಳು. "ನಲವತ್ತೂ ಶಾಲೆಗಳಲ್ಲಿ ಏನವ್ವಾ?" ಎಂದ ಅಜ್ಜ.

"ಕಾಣ್ತಾ ಇಲ್ಲ ತಾತ" ಎಂದು ಬೊಳ್ಳಿ ತಲೆಯೆತ್ತಿದಳು. ಎಂದೂ ಯಾರನ್ನೂ ಏನನ್ನೂ ಬೇಡದ ಹುಡುಗಿ ಸೊಂಟಕ್ಕೆ ಕೈಯಿಟ್ಟು ಊರಿಗೆ ಊರನ್ನೇ ಗದರಿದಳು: "ಸುಮ್ನೆ ನೋಡ್ತಾ ನಿಂತವ್ರಲ್ಲ ಎಲ್ಲಾ! ಯಾರಾದ್ರೂ ಏನಾದ್ರೂ ತಿನ್ನಿ, ನಂಗೆ ಹಸಿವು!"

ಆಹಾ, ಆ ಗಡಿಬಿಡಿಯನ್ನು ನೀವು ನೋಡಬೇಕಿತ್ತು. ಒಬ್ಬ ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದ ಹುರಿಗಾಳು ಮುಕ್ಕಿದ, ಒಬ್ಬಳು ಮಗುವಿನ ಕೈಯ ಬಾಳೆಹಣ್ಣು ಕಿತ್ತು ತಿಂದಳು, ನಾನು ಅಡುಗೆಮನೆಗೆ ಓಡಿ ತಳ ಹತ್ತಿದ್ದ ಮುದ್ದೆಯನ್ನು ನಿಂತಲ್ಲೇ ನುಂಗಿದೆ. ಹಲ್ಲಿಲ್ಲದ ಅಜ್ಜಿ ಬೆಲ್ಲದ ಚೂರನ್ನು ಚೀಪುತ್ತಿತ್ತು. ಬೊಳ್ಳಿ ನಾಲ್ಕು ಬಗೆಯ ತೇಗು ತೇಗಿ, ಹಾಳೆಯನ್ನು ಮತ್ತೆ ಎತ್ತಿಕೊಂಡಳು.

"ಮುಂದುವರಿಸಲಾಗುವುದು" ಎಂದು ಓದಿದಳು. "ಎಲ್ಲಾ ಮಕ್ಕಳಿಗೂ. ಸೋಮವಾರದಿಂದ."

ಕೂಗು ಹುಣಸೇಮರದ ಹಕ್ಕಿಗಳನ್ನೆಲ್ಲ ಎಬ್ಬಿಸಿತು. ಕೆಂಚಿ ಬೊಳ್ಳಿಯನ್ನು ತಬ್ಬಿಕೊಂಡು ಇಬ್ಬರೂ ಬಿದ್ದರು. ಗಲಾಟೆ ತಣ್ಣಗಾದ ಮೇಲೆ, ಇನ್ನೊಂದು ಹಾಳೆಯಿದೆ ಎಂದು ಬೊಳ್ಳಿ ಎತ್ತಿ ತೋರಿಸಿದಳು. ಅದು ಮೇಡಂ ಅವರದೇ ಕೈಬರಹ. ಅದನ್ನು ಅವಳು ತಡವರಿಸದೆ ಓದಿದಳು: "ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿ ನಾನು ಉಂಡರೆ ನನ್ನ ಹೊಟ್ಟೆಯೇ ತುಂಬುತ್ತದೆ. ಮೊದಲು ಅದೇ ಸರಿ ಅನ್ನಿಸುತ್ತಿತ್ತು. ಈಗ ಊಟಕ್ಕೆ ಕೂತರೆ ಯಾಕೋ ಬೇಸರ."

"ಅಯ್ಯೋ ಪಾಪ" ಎಂದ ಜಡೆಯಜ್ಜ, "ಆಯಮ್ಮನ್ನ ನೆನೆದು ಉಣ್ಣೋರು ಆ ಊರಲ್ಲಿ ಒಬ್ರೂ ಇಲ್ವಂತಲ್ಲ."

ಅವತ್ತು ಮಧ್ಯಾಹ್ನ ಸೊಪ್ಪಿನ ಸಾರು, ಮುದ್ದೆ. ಮಕ್ಕಳು ಸಾಲಾಗಿ ಬಂದವು. ಬೊಳ್ಳಿ ತಟ್ಟೆ ಚಾಚಿ ನಿಂತಳು. ನಾನು ಒಂದು ಮುದ್ದೆ ಹಾಕಿದೆ, ಅವಳು ಕದಲಲಿಲ್ಲ.

"ಇನ್ನೊಂದು ಹಾಕು ದೇವೀರಕ್ಕ" ಎಂದಳು.

"ಎರಡು ಮುದ್ದೆ ತಿಂತೀಯೇನೇ?" ಎಂದೆ.

ಬೊಳ್ಳಿ ಸುತ್ತ ನೋಡಿ, ಹೆಸರು ಬಾಯಿಂದ ಜಾರದ ಹಾಗೆ ತುಟಿ ಕಚ್ಚಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ದೂರ ಜಾಸ್ತಿ ಅಲ್ವಾ ಅಕ್ಕ."